ರಾಸಾಯನಿಕ ಸಂಯುಕ್ತಗಳ ನಾಮಕರಣ

ರಾಸಾಯನಿಕ ನಾಮಕರಣ ಎಂದರೆ ಸಂಯುಕ್ತಗಳಿಗೂ ಅಯಾನುಗಳಿಗೂ ಅವುಗಳ ಘಟಕಗಳನ್ನು ಸೂಚಿಸುವಂತೆ ನಿಯಮಬದ್ಧವಾಗಿ ಹೆಸರಿಡುವ ಪದ್ಧತಿ. ಸುಣ್ಣ, ಮೈಲುತುತ್ತ, ಪೆಟ್ಲುಪ್ಪು ಮೊದಲಾದ ರೂಢಿನಾಮಗಳಿಂದ ವಸ್ತುವಿನಲ್ಲಿ ಏನಿದೆಯೆಂದು ತಿಳಿಯುವುದಿಲ್ಲ. ಅಡುಗೆ ಸೋಡಾ, ಬಟ್ಟೆ ಒಗೆಯುವ ಸೋಡಾ, ಕಾಸ್ಟಿಕ್ ಸೋಡಾ ಮೂರೂ ‘ಸೋಡಾ’ ಎನಿಸಿಕೊಂಡರೂ ಅವು ಕ್ರಮವಾಗಿ ಸೋಡಿಯಂ ಹೈಡ್ರೋಜನ್ ಕಾರ್ಬೊನೇಟ್, ಸೋಡಿಯಂ ಕಾರ್ಬೊನೇಟ್ ಮತ್ತು ಸೋಡಿಯಂ ಹೈಡ್ರಾಕ್ಸೈಡ್. ಮೊದಲನೆಯದು ಆಹಾರದಲ್ಲಿ ಬಳಕೆಯಾಗುತ್ತದೆ. ಕೊನೆಯದು ಚರ್ಮವನ್ನೇ ಸುಡುತ್ತದೆ.

ಇತಿಹಾಸ

1787ರಲ್ಲಿ ಫ್ರಾನ್ಸಿನ ಗಿಟಾನ್ ದ ಮೋರ್ವೊ, ಲವಾಸಿಯೆ, ಬರ್ತೊಲೆ ಮತ್ತು ಫುರ್‌ಕ್ರ್ವಾ ಸೇರಿ ರಾಸಾಯನಿಕ ನಾಮಕರಣದ ವಿಧಾನವನ್ನು ಪ್ರಕಟಿಸಿದರು. ಸಂಯುಕ್ತದ ಹೆಸರು ಅದರ ಘಟಕಗಳನ್ನು ಹೇಳಬೇಕೆಂಬುದು ಅವರ ಮೂಲತತ್ತ್ವ. ಶುದ್ಧ ಮತ್ತು ಅನ್ವಯಿಕ ರಸಾಯನವಿಜ್ಞಾನದ ಅಂತರರಾಷ್ಟ್ರೀಯ ಒಕ್ಕೂಟವು 1919ರಲ್ಲಿ ಸ್ಥಾಪನೆಯಾಯಿತು. ಇಂದಿನ ನಿಯಮಗಳನ್ನು ನಿರ್ಧರಿಸುವುದು ಈ ಸಂಸ್ಥೆಯೇ.

ಅಯಾನುಗಳ ಹೆಸರುಗಳು

ಎಲೆಕ್ಟ್ರಾನನ್ನು ಕಳೆದುಕೊಂಡ ಪರಮಾಣು ಧನ ಅಯಾನು; ಪಡೆದುಕೊಂಡದ್ದು ಋಣ ಅಯಾನು. ಲೋಹದ ಧನ ಅಯಾನಿಗೆ ಲೋಹದ ಹೆಸರೇ ಇರುತ್ತದೆ: ಸೋಡಿಯಂ ಅಯಾನು, ಕ್ಯಾಲ್ಸಿಯಂ ಅಯಾನು. ಒಂದೇ ಧಾತುವಿನ ಋಣ ಅಯಾನಿನ ಹೆಸರು ‘ಐಡ್’ ಎಂದು ಕೊನೆಗೊಳ್ಳುತ್ತದೆ: ಕ್ಲೋರಿನ್‌ನಿಂದ ಕ್ಲೋರೈಡ್, ಆಮ್ಲಜನಕದಿಂದ ಆಕ್ಸೈಡ್, ಗಂಧಕದಿಂದ ಸಲ್ಫೈಡ್. ಕನ್ನಡದಲ್ಲಿ ಆಮ್ಲಜನಕ, ಗಂಧಕ ಎಂಬ ಹೆಸರುಗಳಿದ್ದರೂ ಸಂಯುಕ್ತಗಳಲ್ಲಿ ಅಂತರರಾಷ್ಟ್ರೀಯ ರೂಪಗಳೇ ಬಳಕೆಯಲ್ಲಿವೆ.

ಆಮ್ಲಜನಕವನ್ನು ಒಳಗೊಂಡ ಬಹುಪರಮಾಣು ಅಯಾನುಗಳಲ್ಲಿ ‘ಏಟ್’ ಮತ್ತು ‘ಐಟ್’ ಅಂತ್ಯಗಳಿವೆ. ನೈಟ್ರೇಟ್‌ನಲ್ಲಿ ಮೂರು, ನೈಟ್ರೈಟ್‌ನಲ್ಲಿ ಎರಡು ಆಮ್ಲಜನಕ ಪರಮಾಣುಗಳಿವೆ. ಸಲ್ಫೇಟ್‌ನಲ್ಲಿ ನಾಲ್ಕು, ಸಲ್ಫೈಟ್‌ನಲ್ಲಿ ಮೂರು. ಆದ್ದರಿಂದ ‘ಏಟ್’ ಎಂಬುದು ನಿಶ್ಚಿತ ಸಂಖ್ಯೆಯನ್ನಲ್ಲ, ಜೊತೆಯ ಅಯಾನಿಗಿಂತ ಹೆಚ್ಚು ಆಮ್ಲಜನಕವಿದೆ ಎಂಬುದನ್ನು ಮಾತ್ರ ಸೂಚಿಸುತ್ತದೆ. ನಾಲ್ಕು ಅಯಾನುಗಳ ಸರಣಿಯಿದ್ದಾಗ ‘ಹೈಪೊ’, ‘ಪರ್’ ಎಂಬ ಪೂರ್ವಪದಗಳು ಸೇರುತ್ತವೆ: ಹೈಪೊಕ್ಲೋರೈಟ್, ಕ್ಲೋರೈಟ್, ಕ್ಲೋರೇಟ್, ಪರ್‌ಕ್ಲೋರೇಟ್‌ಗಳಲ್ಲಿ ಕ್ರಮವಾಗಿ 1, 2, 3, 4 ಆಮ್ಲಜನಕ ಪರಮಾಣುಗಳಿವೆ.

ಅಯಾನಿಕ ಸಂಯುಕ್ತಗಳು

ಧನ ಅಯಾನಿನ ಹೆಸರು ಮೊದಲು, ಋಣ ಅಯಾನಿನ ಹೆಸರು ಅನಂತರ ಬರುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲಿ ಎರಡು ಕ್ಲೋರೈಡ್‌ಗಳಿದ್ದರೂ ‘ಡೈ’ ಸೇರಿಸುವುದಿಲ್ಲ. ಕ್ಯಾಲ್ಸಿಯಂನ ಆವೇಶ ಧನ 2, ಕ್ಲೋರೈಡ್‌ನದು ಋಣ 1. ಒಟ್ಟು ಆವೇಶ ಸೊನ್ನೆಯಾಗಬೇಕಾದ್ದರಿಂದ ಸಂಖ್ಯೆ ತಾನಾಗಿಯೇ ತಿಳಿಯುತ್ತದೆ.

ಕಬ್ಬಿಣ, ತಾಮ್ರ, ಪಾದರಸಗಳಂತಹ ಲೋಹಗಳಿಗೆ ಒಂದಕ್ಕಿಂತ ಹೆಚ್ಚು ಆವೇಶಗಳುಂಟು. ಹಳೆಯ ಪದ್ಧತಿಯಲ್ಲಿ ಕಡಿಮೆ ಆವೇಶಕ್ಕೆ ‘ಅಸ್’, ಹೆಚ್ಚಿನದಕ್ಕೆ ‘ಇಕ್’ ಅಂತ್ಯಗಳಿದ್ದವು: ಫೆರಸ್, ಫೆರಿಕ್. ಜರ್ಮನಿಯ ಆಲ್‌ಫ್ರೆಡ್ ಸ್ಟಾಕ್ ಸೂಚಿಸಿದ ಪದ್ಧತಿಯಲ್ಲಿ ಲೋಹದ ಹೆಸರಿನ ನಂತರ ಆವರಣದೊಳಗೆ ರೋಮನ್ ಅಂಕಿ ಬರೆಯುತ್ತಾರೆ. ಫೆರಸ್ ಕ್ಲೋರೈಡನ್ನು ‘ಐರನ್ ಎರಡು ಕ್ಲೋರೈಡ್’ ಎಂದು ಓದಬೇಕು. ಈ ಅಂಕಿ ಸೂಚಿಸುವುದು ಆವೇಶವನ್ನು, ಪರಮಾಣುಗಳ ಸಂಖ್ಯೆಯನ್ನಲ್ಲ.

ಅಲೋಹಗಳ ಸಂಯುಕ್ತಗಳು

ಎರಡು ಅಲೋಹಗಳು ಸೇರಿದಾಗ ಮಾನೊ, ಡೈ, ಟ್ರೈ, ಟೆಟ್ರಾ, ಪೆಂಟಾ ಮುಂತಾದ ಸಂಖ್ಯಾವಾಚಕಗಳು ಅಗತ್ಯ. ಇಂಗಾಲದೊಡನೆ ಒಂದು ಆಮ್ಲಜನಕವಿದ್ದರೆ ಕಾರ್ಬನ್ ಮಾನಾಕ್ಸೈಡ್, ಎರಡಿದ್ದರೆ ಕಾರ್ಬನ್ ಡೈಆಕ್ಸೈಡ್. ಮೊದಲ ಧಾತುವಿಗೆ ‘ಮಾನೊ’ ಸೇರಿಸುವುದಿಲ್ಲ. ನೀರು, ಅಮೋನಿಯ ಮೊದಲಾದವು ರೂಢಿನಾಮಗಳನ್ನೇ ಉಳಿಸಿಕೊಂಡಿವೆ.

ಆಮ್ಲಗಳು

ನೀರಿನಲ್ಲಿ ಕರಗಿದ ಹೈಡ್ರೋಜನ್ ಕ್ಲೋರೈಡ್ ಹೈಡ್ರೋಕ್ಲೋರಿಕ್ ಆಮ್ಲವೆನಿಸುತ್ತದೆ. ‘ಏಟ್’ ಅಯಾನಿನ ಆಮ್ಲಕ್ಕೆ ‘ಇಕ್’, ‘ಐಟ್’ ಅಯಾನಿನ ಆಮ್ಲಕ್ಕೆ ‘ಅಸ್’ ಅಂತ್ಯ: ನೈಟ್ರೇಟ್‌ಗೆ ನೈಟ್ರಿಕ್ ಆಮ್ಲ, ನೈಟ್ರೈಟ್‌ಗೆ ನೈಟ್ರಸ್ ಆಮ್ಲ.

ಮಹತ್ವ

ಹೆಸರಿನ ಒಂದು ಅಕ್ಷರದ ವ್ಯತ್ಯಾಸವೂ ಇಲ್ಲಿ ಅಲ್ಪವಲ್ಲ. ಮರ್ಕ್ಯುರಸ್ ಕ್ಲೋರೈಡ್ ಹಿಂದೆ ಕ್ಯಾಲೊಮೆಲ್ ಎಂಬ ಹೆಸರಿನಲ್ಲಿ ವಿರೇಚಕ ಔಷಧವಾಗಿತ್ತು. ಅವೇ ಎರಡು ಧಾತುಗಳಿಂದಾದ ಮರ್ಕ್ಯುರಿಕ್ ಕ್ಲೋರೈಡ್ ತೀವ್ರ ವಿಷ. ವಿದ್ಯಾರ್ಥಿಗಳು ಮೊದಲು ಸಾಮಾನ್ಯ ಅಯಾನುಗಳ ಹೆಸರನ್ನೂ ಆವೇಶವನ್ನೂ ಕಂಠಸ್ಥ ಮಾಡಿಕೊಂಡು, ಬಳಿಕ ಸಂಯುಕ್ತವು ಅಯಾನಿಕವೋ ಅಲೋಹಗಳದೋ ಎಂದು ಗುರುತಿಸಿದರೆ ಯಾವ ನಿಯಮ ಅನ್ವಯಿಸುತ್ತದೆಂಬುದು ಸ್ಪಷ್ಟವಾಗುತ್ತದೆ.