ಡಚ್ ಸಮಾಸಪದಗಳ ಅಕ್ಷರವಿಭಜನೆ ಮತ್ತು ಸ್ವರಾಘಾತ

ಡಚ್ ಭಾಷೆಯಲ್ಲಿ ನಡುವೆ ಜಾಗ ಬಿಡದೆ ಕೂಡಿಸಿ ಬರೆಯುವ ದೀರ್ಘ ಸಮಾಸಪದಗಳನ್ನು ಉಚ್ಚಾರಾಂಶಗಳಾಗಿ ಒಡೆಯುವ, ಅವುಗಳಲ್ಲಿ ಒತ್ತು ನೆಲೆಗೊಳ್ಳುವ ಕ್ರಮ. ಮೊದಲ ಕಡಿತ ಘಟಕಪದಗಳ ಸೇರುವೆಯಲ್ಲಿ. ಆಮೇಲೆ ಪ್ರತಿ ಘಟಕದೊಳಗೆ. ನಡುವೆ ಬರುವ ‘ಸ್’ ಎಂಬ ಬೆಸುಗೆಧ್ವನಿ ಪೂರ್ವಪದಕ್ಕೆ ಸೇರುತ್ತದೆ. ಆದರೆ ‘ಸ್’ ಬೆಸುಗೆಧ್ವನಿಯಾಗಿರದೆ ಘಟಕಪದದ್ದೇ ಆಗಿದ್ದರೆ, ಅದು ಯಾವ ಘಟಕದ್ದೆಂದು ನೋಡಬೇಕು: ಒಂದೇ ಕಾಗುಣಿತದ ಪದವನ್ನು ಕ್ವಾರ್ಟ್-ಸ್ಲಾ-ಖೆನ್ ಎಂದು ಒಡೆದರೆ ‘ಕಾಲು ಸುತ್ತುಗಳು’, ಕ್ವಾರ್ಟ್ಸ್-ಲಾ-ಖೆನ್ ಎಂದರೆ ‘ಬೆಣಚುಕಲ್ಲಿನ ಪದರಗಳು’. ಸಾಲಿನ ತುದಿಯಲ್ಲಿ ತಪ್ಪಾಗಿ ಕತ್ತರಿಸಿದರೆ ಅರ್ಥವೇ ಪಲ್ಲಟ. ಪ್ರಧಾನ ಒತ್ತು ಸಾಮಾನ್ಯವಾಗಿ ಪೂರ್ವಪದದ ಮೇಲೆ, ಉತ್ತರಪದಕ್ಕೆ ಗೌಣ ಒತ್ತು: ‘ಝೀಕೆನ್‌ಹೌಸ್’ (ಆಸ್ಪತ್ರೆ) ಪದದಲ್ಲಿ ‘ಝೀ’ ಮೇಲೆ. ‘ಸ್ಟಾಟ್‌ಹೌಸ್’ (ಪುರಭವನ) ಅಪವಾದ. ಅಲ್ಲಿ ಒತ್ತು ‘ಹೌಸ್’ ಮೇಲಿದೆ. ಸೇರುವೆಯಲ್ಲಿ ಎದುರಾಗುವ ಸ್ವರಾಕ್ಷರಗಳನ್ನು ಒಂದೇ ಸ್ವರವೆಂದು ತಪ್ಪಾಗಿ ಓದುವಂತಿದ್ದರೆ, 1995ರ ಕಾಗುಣಿತ ಪರಿಷ್ಕರಣೆಯಿಂದ ಅಡ್ಡಗೆರೆ: ‘ಝೇ-ಏಂಟ್’ (ಕಡಲ ಬಾತು).