ಏಳು ಅಸ್ಥಿಪಂಜರಗಳು, ಎರಡು ಕೈಗಳು

ಕೊಲ್ಕಿಸ್‌ನ ದೊರೆ ಹೈಡ್ರಾದ ಹಲ್ಲುಗಳನ್ನು ನೆಲಕ್ಕೆ ಎರಚುತ್ತಾನೆ. ಮಣ್ಣು ಸೀಳಿಕೊಂಡು ಏಳು ಅಸ್ಥಿಪಂಜರಗಳು ಕತ್ತಿ, ಗುರಾಣಿ ಹಿಡಿದು ಮೇಲೇಳುತ್ತವೆ. ಕ್ಷಣಕಾಲ ಸಾಲುಗಟ್ಟಿ ನಿಂತು, ಹೆಜ್ಜೆ ಅಳೆದು ಮುಂದೆ ಬಂದು, ಒಮ್ಮೆಲೇ ಚೀರುತ್ತಾ ಮೂವರು ಯೋಧರ ಮೇಲೆ ಬೀಳುತ್ತವೆ. 1963ರಲ್ಲಿ ತೆರೆಕಂಡ ‘ಜೇಸನ್ ಅಂಡ್ ದಿ ಆರ್ಗೊನಾಟ್ಸ್’ ಚಿತ್ರದ ಕೊನೆಯ ಕಾಳಗ ಇದು. ಚಿತ್ರದ ನಿರ್ದೇಶಕ ಡಾನ್ ಚಾಫಿ, ನಾಯಕ ಟಾಡ್ ಆರ್ಮ್‌ಸ್ಟ್ರಾಂಗ್. ಆದರೂ ಜಗತ್ತು ಇದನ್ನು ನೆನೆಯುವುದು ರೇ ಹ್ಯಾರಿಹೌಸೆನ್‌ನ ಚಿತ್ರವೆಂದೇ. ಆ ಬೊಂಬೆಗಳನ್ನು ಕೂದಲೆಳೆಯಷ್ಟು ಸರಿಸಿ, ಒಂದು ಫ್ರೇಮ್ ತೆಗೆದು, ಮತ್ತೆ ಸರಿಸಿದ ಕೈಗಳು ಆತನವು.

ಈ ಕಲೆ ಆತನಿಂದ ಶುರುವಾದದ್ದಲ್ಲ. 1925ರ ‘ದಿ ಲಾಸ್ಟ್ ವರ್ಲ್ಡ್’ನಲ್ಲಿ ವಿಲ್ಲಿಸ್ ಓಬ್ರಿಯನ್ ಡೈನೋಸಾರ್‌ಗಳನ್ನು ನಡೆಸಿದ್ದ. 1933ರಲ್ಲಿ ಅದೇ ಓಬ್ರಿಯನ್ ‘ಕಿಂಗ್ ಕಾಂಗ್’ ಮಾಡಿದ. ಮಾರ್ಸೆಲ್ ಡೆಲ್ಗಾಡೊ ಕಟ್ಟಿದ ಕಾಂಗ್‌ಗೆ ಒಳಗೆ ಉಕ್ಕಿನ ಕೀಲುಗಳು, ಸುತ್ತ ರಬ್ಬರ್, ಮೇಲೆ ಮೊಲದ ತುಪ್ಪಳ. ಬೊಂಬೆಯನ್ನು ಹಿಡಿದು ಸರಿಸಿದಾಗಲೆಲ್ಲ ಬೆರಳೊತ್ತಿಗೆ ತುಪ್ಪಳ ಕದಲುತ್ತಿತ್ತು. ತೆರೆಯ ಮೇಲೆ ಕಾಂಗ್‌ನ ಮೈ ಸದಾ ಜುಮ್ಮೆನ್ನುವಂತೆ ಕಾಣುವುದು ಅದರಿಂದಲೇ. ಲಾಸ್ ಏಂಜಲೀಸ್‌ನ ಹದಿಮೂರರ ಹುಡುಗ ಹ್ಯಾರಿಹೌಸೆನ್ ಆ ಚಿತ್ರ ನೋಡಿ ಬಂದವನು ಮುಂದೆ ಬೇರೆ ಯಾವ ಕಸುಬನ್ನೂ ಯೋಚಿಸಲಿಲ್ಲ. ಮನೆಯವರೂ ಅವನನ್ನು ತಡೆಯಲಿಲ್ಲ. ಯಂತ್ರಗೆಲಸ ಬಲ್ಲ ತಂದೆ ಬೊಂಬೆಗಳ ಕೀಲು ಕಡೆದುಕೊಟ್ಟರು, ತಾಯಿ ಅವಕ್ಕೆ ಬಟ್ಟೆ ಹೊಲಿದರು.

1949ರ ‘ಮೈಟಿ ಜೋ ಯಂಗ್’ನಲ್ಲಿ ಗುರು ಓಬ್ರಿಯನ್‌ನ ಕೈಕೆಳಗೆ ಹೆಚ್ಚಿನ ಚಲನೆಯನ್ನೆಲ್ಲ ಮಾಡಿದವನು ಇವನೇ. ಚಿತ್ರಕ್ಕೆ ಆಸ್ಕರ್ ಬಂತು. ಆದರೆ ಓಬ್ರಿಯನ್‌ನ ಪದ್ಧತಿ ಬಲು ದುಬಾರಿ. ಗಾಜಿನ ಮೇಲೆ ಬರೆದ ಕಾಡು, ಕೈಯಿಂದ ಕಟ್ಟಿದ ಪುಟ್ಟ ಗಿಡಮರ, ಅದಕ್ಕೆಲ್ಲ ದೊಡ್ಡ ತಂಡ. ಅಷ್ಟು ಹಣ ಹಾಕುವವರು ಆಮೇಲೆ ಸಿಗಲಿಲ್ಲ. ಹ್ಯಾರಿಹೌಸೆನ್ ಕಂಡುಕೊಂಡ ದಾರಿ ಈ ಬಡತನದಿಂದಲೇ ಹುಟ್ಟಿತು. ನಟರ ದೃಶ್ಯವನ್ನು ಮೊದಲೇ ಚಿತ್ರೀಕರಿಸಿ, ಅದನ್ನು ಹಿಂದಿನಿಂದ ಪರದೆಯ ಮೇಲೆ ಒಂದೊಂದೇ ಫ್ರೇಮ್ ಬಿಡುವುದು. ಪರದೆಯ ಮುಂದೆ ಮೇಜಿನ ಮೇಲೆ ಬೊಂಬೆ. ಕ್ಯಾಮೆರಾದ ಮುಂದಿನ ಗಾಜಿನಲ್ಲಿ ಕೆಳಭಾಗಕ್ಕೆ ಕಪ್ಪು ಬಳಿದು ಮರೆಮಾಡಿ ತೆಗೆಯುವುದು. ಬಳಿಕ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಈಗ ಮೇಲ್ಭಾಗವನ್ನು ಮರೆಮಾಡಿ, ಬಿಟ್ಟಿದ್ದ ನೆಲವನ್ನು ಅದೇ ಫಿಲ್ಮಿನ ಮೇಲೆ ಮೂಡಿಸುವುದು. ಮುಗಿದಾಗ ಬೊಂಬೆ ನಿಜವಾದ ಬೆಟ್ಟಕ್ಕೂ ನಿಜವಾದ ನೆಲಕ್ಕೂ ನಡುವೆ ನಿಂತಿರುತ್ತದೆ. ಇದಕ್ಕೆ ‘ಡೈನಮೇಷನ್’ ಎಂಬ ಹೆಸರು ಬಿತ್ತು. ಕೈ ಎಷ್ಟು ಬಿಗಿಯಿತ್ತೆಂದರೆ 1955ರ ‘ಇಟ್ ಕೇಮ್ ಫ್ರಮ್ ಬಿನೀತ್ ದಿ ಸೀ’ಯ ಅಷ್ಟಪದಿಗೆ ಎಂಟರ ಬದಲು ಆರೇ ಬಾಹುಗಳು. ನಿರ್ಮಾಪಕ ಚಾರ್ಲ್ಸ್ ಶ್ನೀರ್ ಜೊತೆಗಿನ ನಂಟು ಅಲ್ಲಿಂದ ಕೊನೆಯವರೆಗೂ ಉಳಿಯಿತು. 1958ರ ‘ದಿ ಸೆವೆಂತ್ ವಾಯೇಜ್ ಆಫ್ ಸಿಂದ್‌ಬಾದ್’ ಡೈನಮೇಷನ್‌ನಲ್ಲಿ ಆತನ ಮೊದಲ ವರ್ಣಚಿತ್ರ. ಒಂಟಿ ಅಸ್ಥಿಪಂಜರವೊಂದು ಕತ್ತಿವರಸೆಗೆ ಇಳಿದದ್ದು ಅದರಲ್ಲೇ.

ಹಾಗಾಗಿ ಗ್ರೀಕ್ ಪುರಾಣಕ್ಕೆ ಕೈಹಾಕುವ ಹೊತ್ತಿಗೆ ಕೈ ಪಳಗಿತ್ತು. ‘ಜೇಸನ್’ ಚಿತ್ರೀಕರಣ ನಡೆದದ್ದು ಇಟಲಿಯಲ್ಲಿ. ಹಾರ್ಪಿ ಎಂಬ ರೆಕ್ಕೆಯ ಪಿಶಾಚಿಗಳು ಕುರುಡನೊಬ್ಬನನ್ನು ಕಾಡುವ ದೃಶ್ಯ ಪೇಸ್ಟಮ್‌ನ ಪ್ರಾಚೀನ ದೇಗುಲದಲ್ಲಿ. ಕೊನೆಯ ಕಾಳಗಕ್ಕೆ ನಟರು ಮೊದಲು ಸಾಹಸ ಕಲಾವಿದರ ಎದುರು ಪ್ರತಿ ಹೊಡೆತವನ್ನೂ ಅಭ್ಯಾಸ ಮಾಡಿದರು. ಆಮೇಲೆ ಎದುರಾಳಿಗಳನ್ನು ತೆಗೆದುಹಾಕಿ ಬರೀ ಗಾಳಿಯ ಮೇಲೆ ಕತ್ತಿ ಬೀಸಿದರು. ಉಳಿದದ್ದು ಹ್ಯಾರಿಹೌಸೆನ್ ಒಬ್ಬನ ಪಾಲು. ಏಳು ಬೊಂಬೆ, ಒಂದೊಂದಕ್ಕೂ ತಲೆ, ಎರಡು ಕೈ, ಎರಡು ಕಾಲು: ಪ್ರತಿ ಫ್ರೇಮಿಗೆ ಮೂವತ್ತೈದು ಅಂಗಗಳನ್ನು ನೆನಪಿಟ್ಟು, ಮೂವರು ಮನುಷ್ಯರ ಏಟಿಗೆ ಸರಿಯಾಗಿ ಕದಲಿಸಬೇಕು. ಸೆಕೆಂಡಿಗೆ 24 ಫ್ರೇಮ್. ದಿನಕ್ಕೆ ಸರಾಸರಿ ಹದಿಮೂರು ಫ್ರೇಮ್, ಅಂದರೆ ಅರ್ಧ ಸೆಕೆಂಡಿನಷ್ಟು ಚಿತ್ರ. ನಾಲ್ಕೂವರೆ ತಿಂಗಳು ಹಿಡಿಯಿತು.

ಇಷ್ಟಾದರೂ ನನಗೆ ಈ ಚಿತ್ರದ ಶಿಖರ ಅಸ್ಥಿಪಂಜರಗಳಲ್ಲ, ಕಂಚಿನ ದೈತ್ಯ ಟಾಲೋಸ್. ಪುರಾಣದಲ್ಲಿ ಕ್ರೀಟ್ ದ್ವೀಪ ಕಾಯುವ ಟಾಲೋಸ್‌ನನ್ನು ರೋಡ್ಸ್‌ನ ಮಹಾಪ್ರತಿಮೆಯ ಅಳತೆಗೆ ಬೆಳೆಸಿದ್ದು ಹ್ಯಾರಿಹೌಸೆನ್. ಜೀವನವಿಡೀ ಚಲನೆಯನ್ನು ನಯಗೊಳಿಸಲು ಹೆಣಗಿದವನು ಇಲ್ಲಿ ಬೇಕೆಂದೇ ಅದನ್ನು ಒರಟಾಗಿಸಿದ, ಲೋಹ ಬಾಗುವಾಗ ಹಾಗೆಯೇ ತಡವರಿಸಬೇಕಲ್ಲವೇ? ಜೇಸನ್ ಅವನ ಹಿಮ್ಮಡಿಯ ಬಿರಡೆ ತೆಗೆದಾಗ ಜೀವದ್ರವ ಸುರಿದುಹೋಗುತ್ತದೆ. ಟಾಲೋಸ್ ಉಸಿರು ಕಟ್ಟಿದವನಂತೆ ಕತ್ತು ಹಿಡಿದುಕೊಳ್ಳುತ್ತಾನೆ, ಮೈ ಬಿರುಕು ಬಿಡುತ್ತದೆ. ಮುಖ ಕದಲದ ಒಂದು ಬೊಂಬೆಯ ಸಾವಿಗೆ ನೋಡುವವರ ಕರುಳು ಚುರ್ರೆನ್ನುತ್ತದೆ. ಹ್ಯಾರಿಹೌಸೆನ್‌ನನ್ನು ತಂತ್ರಜ್ಞ ಎಂದಷ್ಟೇ ಕರೆಯುವುದು ಈ ಕಾರಣಕ್ಕೆ ನನಗೆ ಒಪ್ಪಿಗೆಯಿಲ್ಲ. ಆತ ತನ್ನ ದೇಹ ತೋರಿಸದೆ ಅಭಿನಯಿಸಿದ ನಟ.

ಬಿಡುಗಡೆಯಾದಾಗ ಚಿತ್ರ ನಿರೀಕ್ಷಿಸಿದಷ್ಟು ಗೆಲ್ಲಲಿಲ್ಲ. ಸ್ಟೀವ್ ರೀವ್ಸ್‌ನ ‘ಹರ್ಕ್ಯುಲಿಸ್’ ಯಶಸ್ಸಿನ ಬೆನ್ನಲ್ಲೇ ಇಟಲಿಯಿಂದ ಹರಿದುಬಂದ ಕಟ್ಟುಮಸ್ತು ವೀರರ ಚಿತ್ರಗಳಿಂದ ಜನ ಬೇಸತ್ತಿದ್ದರು. ಆಸ್ಕರ್‌ಗೆ ನಾಮನಿರ್ದೇಶನವೂ ದಕ್ಕಲಿಲ್ಲ. ಆ ವರ್ಷದ ವಿಶೇಷ ಪರಿಣಾಮಗಳ ಪ್ರಶಸ್ತಿ ‘ಕ್ಲಿಯೋಪಾತ್ರಾ’ ಪಾಲಾಯಿತು. ಜ್ಯೂಸ್ ದೇವನು ಜೇಸನ್‌ನ ಕಥೆ ಇನ್ನೂ ಇದೆಯೆಂಬ ಸೂಚನೆಯೊಂದಿಗೆ ಚಿತ್ರ ಮುಗಿಸುತ್ತಾನಾದರೂ ಎರಡನೆಯ ಭಾಗ ಬರಲೇ ಇಲ್ಲ. ಟೆಲಿವಿಷನ್‌ನಲ್ಲಿ ಮತ್ತೆ ಮತ್ತೆ ನೋಡಿದ ಮಕ್ಕಳೇ ಅದನ್ನು ಎತ್ತಿ ನಿಲ್ಲಿಸಿದರು. 1992ರಲ್ಲಿ ಆಸ್ಕರ್ ಅಕಾಡೆಮಿ ಹ್ಯಾರಿಹೌಸೆನ್‌ಗೆ ಗಾರ್ಡನ್ ಸಾಯರ್ ಪ್ರಶಸ್ತಿ ಕೊಟ್ಟಾಗ, ವೇದಿಕೆಯಲ್ಲಿದ್ದ ಟಾಮ್ ಹ್ಯಾಂಕ್ಸ್ ತನ್ನ ಪಾಲಿಗೆ ಎಲ್ಲಕ್ಕಿಂತ ದೊಡ್ಡ ಚಿತ್ರ ‘ಜೇಸನ್’ ಎಂದು ಘೋಷಿಸಿದರು.

ನಡುವೆ 1973ರ ‘ದಿ ಗೋಲ್ಡನ್ ವಾಯೇಜ್ ಆಫ್ ಸಿಂದ್‌ಬಾದ್’ನಲ್ಲಿ ಆರು ಕೈಗಳ ಕಾಳಿಯ ವಿಗ್ರಹ ಜೀವ ತಳೆದು ಆರು ಕತ್ತಿ ಬೀಸುತ್ತದೆ. ಆ ನೃತ್ಯಕ್ಕೆ ಚಲನೆ ರೂಪಿಸಿಕೊಟ್ಟವರು ಭಾರತೀಯ ನರ್ತಕಿ ಸೂರ್ಯಕುಮಾರಿ. ನಮ್ಮ ದೇವಿಯನ್ನು ಕಾಲ್ಪನಿಕ ದ್ವೀಪದ ಮಂತ್ರವಾದಿಯ ಆಳಾಗಿಸಿದ್ದು ನನಗೆ ಇಂದಿಗೂ ಇರಿಸುಮುರಿಸು. ಆದರೆ ಆ ಮಣಿಕಟ್ಟುಗಳ ತಿರುವಿನಲ್ಲಿ ಕಲಿತ ದೇಹವೊಂದರ ಲಯವಿದೆ.

1981ರ ‘ಕ್ಲ್ಯಾಶ್ ಆಫ್ ದಿ ಟೈಟನ್ಸ್’ ಆತನ ಕೊನೆಯ ಪೂರ್ಣಾವಧಿ ಚಿತ್ರ. ಅದೇ ವರ್ಷ ‘ಡ್ರ್ಯಾಗನ್‌ಸ್ಲೇಯರ್’ನಲ್ಲಿ ಫಿಲ್ ಟಿಪ್ಪೆಟ್ ಮುಂತಾದವರು ಕ್ಯಾಮೆರಾ ತೆರೆದಿರುವಾಗಲೇ ಬೊಂಬೆ ಕದಲುವಂತೆ ಮೋಟಾರು ಜೋಡಿಸಿದ್ದರು, ಚಲನೆಗೆ ನಿಜವಾದ ಮಸುಕು ಬಂತು. 1993ರ ‘ಜುರಾಸಿಕ್ ಪಾರ್ಕ್’ಗೂ ಟಿಪ್ಪೆಟ್ ಬೊಂಬೆಗಳನ್ನೇ ಬಳಸಬೇಕಿತ್ತು. ಅಷ್ಟರಲ್ಲಿ ಕಂಪ್ಯೂಟರ್ ಡೈನೋಸಾರ್‌ಗಳು ಗೆದ್ದವು. ಆದರೂ ಅವಕ್ಕೆ ನಡಿಗೆ ಕಲಿಸಲು ಈ ಕಸುಬಿನವರೇ ಬೇಕಾದರು. ಸೆನ್ಸರ್ ಹಚ್ಚಿದ ಉಕ್ಕಿನ ಬೊಂಬೆಯನ್ನು ಕೈಯಿಂದ ಸರಿಸಿದರೆ ಅದರ ಭಂಗಿ ಕಂಪ್ಯೂಟರಿಗೆ ಹೋಗುವ ಸಾಧನವನ್ನೇ ರೂಪಿಸಿಕೊಂಡರು.

ಹ್ಯಾರಿಹೌಸೆನ್ 2013ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ‘ಮಾನ್‌ಸ್ಟರ್ಸ್ ಇಂಕ್’ನ ಹೋಟೆಲಿಗೆ ಅವರ ಹೆಸರಿದೆ. ರಬ್ಬರ್ ಕಾಲಕ್ರಮದಲ್ಲಿ ಪುಡಿಯಾಗುತ್ತದೆ; ಅವರ ಬೊಂಬೆಗಳನ್ನು ಉಳಿಸುವ ಕೆಲಸ ಅವರ ಮತ್ತು ಪತ್ನಿ ಡಯಾನಾ ಹೆಸರಿನ ಪ್ರತಿಷ್ಠಾನದ್ದು. 2016ರ ‘ಕುಬೊ ಅಂಡ್ ದಿ ಟೂ ಸ್ಟ್ರಿಂಗ್ಸ್’ಗಾಗಿ ಲೈಕಾ ಸ್ಟುಡಿಯೋ ಸುಮಾರು 16 ಅಡಿಯ ಅಸ್ಥಿಪಂಜರ ಕಟ್ಟಿತು. ಅದನ್ನೂ ಒಂದೊಂದೇ ಫ್ರೇಮ್ ಸರಿಸಿಯೇ ನಡೆಸಿದರು.