ಜೇಸನ್ ಬರೆಹಕ್ರಮದಲ್ಲಿ ಚಕ್ರೀಯ ನಿರ್ದೇಶಗಳು: ಒಂದು ಚಾರಿತ್ರಿಕ ಸಮೀಕ್ಷೆ

ಶಾಸನಗಳ ವಿವರಗಳನ್ನು ಗಣಕಯಂತ್ರದಲ್ಲಿ ದಾಖಲಿಸುವ ಕಾರ್ಯವು ಈಗ ಇತಿಹಾಸಜ್ಞರ ಪಾಲಿಗೂ ಬಂದಿರುವುದರಿಂದ, ಆ ದಾಖಲೆಯ ಕ್ರಮದಲ್ಲಿರುವ ಒಂದು ತೊಡಕಿನ ಚರಿತ್ರೆಯನ್ನು ನಾವಿಲ್ಲಿ ಸಂಕ್ಷೇಪವಾಗಿ ಪರಿಶೀಲಿಸುವೆವು.

ಇಮ್ಮಡಿ ಪುಲಕೇಶಿಗೆ ಒಂದು ದಾಖಲೆಯನ್ನೂ, ಕ್ರಿ.ಶ. 634ರ ಐಹೊಳೆ ಶಾಸನಕ್ಕೆ ಇನ್ನೊಂದನ್ನೂ ರಚಿಸಿದೆವೆಂದು ಭಾವಿಸೋಣ. ಅರಸನ ದಾಖಲೆಯು ಶಾಸನವನ್ನೂ, ಶಾಸನದ ದಾಖಲೆಯು ಅರಸನನ್ನೂ ನಿರ್ದೇಶಿಸುತ್ತದೆ. ಯಂತ್ರದ ಸ್ಮೃತಿಯಲ್ಲಿ ಇದು ದೋಷವಲ್ಲ. ಆದರೆ ಇವನ್ನು ಜೇಸನ್ ಪಠ್ಯವಾಗಿ ಬರೆಯಹೊರಟರೆ ಅರಸನೊಳಗೆ ಶಾಸನ, ಶಾಸನದೊಳಗೆ ಮತ್ತೆ ಅರಸ ಎಂದು ಬರವಣಿಗೆಗೆ ಕೊನೆಯೇ ಇಲ್ಲದಂತಾಗುವುದು. ನಮ್ಮ ತಾರ್ಕಿಕರು ಹೇಳುವ ಅನ್ಯೋನ್ಯಾಶ್ರಯವು ಇಲ್ಲಿ ಅನವಸ್ಥೆಯಾಗಿ ಪರಿಣಮಿಸುತ್ತದೆ.

ಈ ಸಮಸ್ಯೆಯ ಮೂಲವು ಜೇಸನ್ನಿಗಿಂತ ಹಳೆಯದು. ಒಂದು ಪಟ್ಟಿಗೆ ಎಷ್ಟು ನಿರ್ದೇಶಗಳಿವೆಯೆಂದು ಎಣಿಸಿ, ಎಣಿಕೆ ಸೊನ್ನೆಯಾದಾಗ ಅದರ ಸ್ಥಳವನ್ನು ತೆರವುಗೊಳಿಸುವ ವಿಧಾನವನ್ನು ಜಾರ್ಜ್ ಕಾಲಿನ್ಸ್ 1960ರಲ್ಲಿ ಪ್ರಕಟಿಸಿದರು. ಚಕ್ರಾಕಾರದ ಪಟ್ಟಿಗಳಲ್ಲಿ ಆ ಎಣಿಕೆಯು ಸೊನ್ನೆಗೆ ಇಳಿಯದೆಂಬುದನ್ನು 1963ರಲ್ಲಿ ಮೆಕ್‌ಬೆತ್ ತೋರಿಸಿಕೊಟ್ಟರು. 1984ರ ಕಾಮನ್ ಲಿಸ್ಪ್ ಗ್ರಂಥವು ಚಕ್ರವನ್ನು ಬರೆಹದಲ್ಲಿಯೇ ಸೂಚಿಸುವ ಉಪಾಯವನ್ನು ಒದಗಿಸಿತು: ವಸ್ತುವು ಮೊದಲು ಬಂದೆಡೆ ಅದಕ್ಕೊಂದು ಅಂಕೆ, ಮುಂದೆ ಆ ಅಂಕೆ ಮಾತ್ರ.

2001ರ ಸುಮಾರಿಗೆ ಡಗ್ಲಸ್ ಕ್ರಾಕ್‌ಫರ್ಡ್ ರೂಪಿಸಿದ ಜೇಸನ್ನಿನಲ್ಲಿ ಇಂತಹ ಸಂಕೇತಕ್ಕೆ ಸ್ಥಾನವಿರಲಿಲ್ಲ. ಅದರ ಸರಳತೆಗೆ ತೆತ್ತ ಬೆಲೆಯಿದು. 2009ರ ಜಾವಾಸ್ಕ್ರಿಪ್ಟ್ ಪ್ರಮಾಣವು, ಚಕ್ರವು ಕಂಡೊಡನೆ ಬರವಣಿಗೆಯನ್ನು ನಿಲ್ಲಿಸಿ ದೋಷವನ್ನು ಘೋಷಿಸಬೇಕೆಂದು ವಿಧಿಸಿತು.

ಬಳಕೆಗೆ ಬಂದ ಪರಿಹಾರಗಳಲ್ಲಿ ಎರಡು ಮುಖ್ಯವಾದವು. ಮೊದಲನೆಯದು, ಹಿಮ್ಮುಖ ನಿರ್ದೇಶವನ್ನು ಬರೆಯದೆ ಬಿಡುವುದು. ತಂದೆ-ಮಗನಂತೆ ಒಡೆತನ ಸ್ಪಷ್ಟವಾಗಿರುವಲ್ಲಿ ಓದುವ ಯಂತ್ರವು ಅದನ್ನು ಮತ್ತೆ ಕೂಡಿಸಿಕೊಳ್ಳಬಲ್ಲುದು. ಐಹೊಳೆ ಶಾಸನವಾದರೋ ಪುಲಕೇಶಿಯನ್ನಲ್ಲದೆ ಹರ್ಷನನ್ನೂ ಹೆಸರಿಸುತ್ತದೆ. ಇಬ್ಬರ ದಾಖಲೆಗಳೊಳಗೂ ಅದನ್ನು ಸೇರಿಸಿದರೆ ಒಂದು ಶಾಸನವು ಎರಡೆಂದು ತೋರುವುದು. ಒಬ್ಬನಲ್ಲಿ ಮಾತ್ರ ಸೇರಿಸಿದರೆ ಇನ್ನೊಬ್ಬನ ಸಂಬಂಧವೇ ಲೋಪವಾಗುವುದು. ಎರಡನೆಯದು, ಪ್ರತಿಯೊಂದು ವಸ್ತುವಿಗೂ ಗುರುತಿನ ಸಂಖ್ಯೆಯನ್ನು ಕೊಟ್ಟು, ಅದನ್ನು ಒಮ್ಮೆ ಮಾತ್ರ ಪೂರ್ಣವಾಗಿ ಬರೆದು, ಉಳಿದೆಡೆ ಸಂಖ್ಯೆಯಿಂದಲೇ ನಿರ್ದೇಶಿಸುವುದು. ಇದರಲ್ಲಿ ಓದುವವನಿಗೆ ಹುಡುಕುವ ಶ್ರಮ ಹೆಚ್ಚು; ಆದರೆ ಸಂಬಂಧವು ನಷ್ಟವಾಗದು.

ಇತಿಹಾಸದ ವಿದ್ಯಾರ್ಥಿಗೆ ಈ ಕ್ರಮವು ಹೊಸದೇನಲ್ಲ. ರೈಸ್ ಅವರು 1886ರಲ್ಲಿ ಆರಂಭಿಸಿದ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆಗಳಿವೆ; ವಿದ್ವಾಂಸರು ಪಾಠವನ್ನು ಮತ್ತೆ ಮತ್ತೆ ಬರೆಯದೆ ಸಂಖ್ಯೆಯನ್ನೇ ಉಲ್ಲೇಖಿಸುತ್ತ ಬಂದಿದ್ದಾರೆ. ಆದುದರಿಂದ ಶಾಸನಗಳ ದಾಖಲೆಗೆ ಎರಡನೆಯ ಮಾರ್ಗವೇ ಯುಕ್ತವೆಂಬುದು ನಮ್ಮ ಅಭಿಪ್ರಾಯ.